ಮಗುವಿನ ಪರವಾಗಿ ಮಾತಾಡುವುದೂ ಕಾಯಕವೇ

(ಸಕಲೇಶಪುರ - ಆಲೂರು ಭಾಗದ ತಿಂಗಳ ಶಿವಾನುಭವ ಗೋಷ್ಠಿಯಲ್ಲಿ ನಿವೃತ್ತ ಶಿಕ್ಷಕಿಯೊಬ್ಬರು ನೀಡಿದ ಉಪನ್ಯಾಸದ ಬರಹರೂಪ)

 

ಈ ತಿಂಗಳ ಗೋಷ್ಠಿಗೆ 'ಶರಣರ ಶಿಕ್ಷಣ ದೃಷ್ಟಿ' ಎಂಬ ವಿಷಯ ಕೊಟ್ಟಿದ್ದಾರೆ. ಅದು ದೊಡ್ಡ ವಿಷಯ, ವಿದ್ವಾಂಸರು ಮಾತಾಡಬೇಕಾದದ್ದು. ನಾನು ಅದರ ಒಂದು ಮೂಲೆಯನ್ನು ಮಾತ್ರ ಹಿಡಿದುಕೊಳ್ಳುತ್ತೇನೆ. ತರಗತಿಯಲ್ಲಿ ಎಲ್ಲರಂತೆ ಕಲಿಯಲಾಗದ ಮಗು ನಮ್ಮ ಮನೆಯಲ್ಲಿದ್ದರೆ ತಂದೆತಾಯಿ ಶಾಲೆಗೆ ಹೋಗಿ ಏನು ಕೇಳಬೇಕು, ಹೇಗೆ ಕೇಳಬೇಕು? ಇಷ್ಟೇ ನನ್ನ ಮಾತು. ಸಭೆಯಲ್ಲಿ ಇಂಥ ಮಗು ಇರುವ ಮನೆಯವರು ಒಬ್ಬಿಬ್ಬರಾದರೂ ಇದ್ದೇ ಇರುತ್ತಾರೆ. ಅವರು ಎದ್ದು ಹೇಳಿಕೊಳ್ಳಬೇಕಾಗಿಲ್ಲ. ಕೇಳಿಸಿಕೊಂಡರೆ ಸಾಕು.

ಮೊದಲು ನನ್ನ ತಪ್ಪು

ಮೂವತ್ತೊಂದು ವರ್ಷ ಈ ಸೀಮೆಯ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಪಾಠ ಹೇಳಿದವಳು ನಾನು. ಒಳ್ಳೆಯ ಟೀಚರ್ ಎಂಬ ಹೆಸರೂ ಇತ್ತು. ಆ ಹೆಸರಿನ ಹಿಂದೆ ಒಂದು ತಪ್ಪು ಅಡಗಿ ಕುಳಿತಿದೆ. ಅದನ್ನು ಇಲ್ಲಿ ಹೇಳದೆ ಮುಂದಿನ ಮಾತು ಆಡಲು ನನಗೆ ಅಧಿಕಾರವಿಲ್ಲ.

ನಾಲ್ಕನೇ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ಬಾಯಿಲೆಕ್ಕದಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಕಥೆ ಹೇಳಿದರೆ ಒಂದು ಮಾತು ಬಿಡದೆ ತಿರುಗಿ ಹೇಳುತ್ತಿದ್ದ. ಪುಸ್ತಕ ಕೈಗೆ ಕೊಟ್ಟರೆ ಮಾತ್ರ ಮುಖ ಬಾಡುತ್ತಿತ್ತು. ಸ್ಲೇಟಿನಲ್ಲಿ 'ಮ' ಬರೆಯುವಲ್ಲಿ 'ವ' ಬರೆಯುತ್ತಿದ್ದ, ಒತ್ತಕ್ಷರ ಬಂದಲ್ಲಿ ನಿಂತುಬಿಡುತ್ತಿದ್ದ. ನಾನು ಅದನ್ನು ಸೋಮಾರಿತನ ಎಂದುಕೊಂಡೆ. ಬೈದೆ, ಹೊಡೆದೆ, ಕೊನೆಗೆ ಹಿಂದಿನ ಸಾಲಿಗೆ ಕಳಿಸಿ ಸುಮ್ಮನಾದೆ. ಅವನ ತಾಯಿ ಕಾಫಿ ತೋಟದ ಕೆಲಸದವಳು. ಒಂದು ದಿನ ಕೂಲಿ ಬಿಟ್ಟು ಶಾಲೆಗೆ ಬಂದು ಬಾಗಿಲ ಹೊರಗೇ ನಿಂತು, ಹುಡುಗನಿಗೆ ಯಾಕೋ ಓದು ಹತ್ತುತ್ತಿಲ್ಲ ಎಂದಳು. ನಾನು ಅವಳನ್ನು ಒಳಗೆ ಕರೆದು ಕೂರಿಸಲಿಲ್ಲ. 'ಮನೆಯಲ್ಲಿ ಸ್ವಲ್ಪ ಓದಿಸಿ' ಎಂದೆ. ಆ ತಾಯಿಗೆ ಓದು ಬರುವುದಿಲ್ಲವೆಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ಹಾಗೆಂದೆ. ಹುಡುಗ ಏಳನೆಯ ತರಗತಿ ಮುಗಿಸದೆ ಶಾಲೆ ಬಿಟ್ಟ.

ಎಷ್ಟೋ ವರ್ಷದ ಮೇಲೆ ನಮ್ಮ ಮನೆಯ ಪಂಪ್‌ಸೆಟ್ಟು ಕೆಟ್ಟಾಗ ರಿಪೇರಿಗೆ ಬಂದವನು ಅವನೇ. ಮೋಟಾರನ್ನು ಪೂರ್ತಿ ಬಿಚ್ಚಿ ಅಂಗಳದಲ್ಲಿ ಹರಡಿ, ಒಂದು ಮೊಳೆ ಹೆಚ್ಚುಕಡಿಮೆಯಾಗದಂತೆ ಮತ್ತೆ ಜೋಡಿಸಿದ. ಹೊಸದಾಗಿ ತಂದ ಬಿಡಿಭಾಗದ ಜೊತೆ ಬಂದ ಚೀಟಿಯನ್ನು ನನ್ನ ಕೈಗಿತ್ತು 'ಇದರಲ್ಲಿ ಏನು ಬರೆದಿದೆ, ನೀವೇ ಓದಿ ಹೇಳಿ ಟೀಚರ್' ಎಂದ. ನಗುತ್ತಲೇ ಹೇಳಿದ. ನನಗೆ ಅಕ್ಷರ ಕಾಣಿಸಲಿಲ್ಲ.

ಆ ಹುಡುಗನಿಗೆ ಇದ್ದದ್ದು ದಡ್ಡತನವಲ್ಲ. ಅದಕ್ಕೆ ಡಿಸ್‌ಲೆಕ್ಸಿಯಾ ಎನ್ನುತ್ತಾರೆ. ಓದು ಬರಹ ಲೆಕ್ಕಗಳಲ್ಲಿ ಕಾಣಿಸಿಕೊಳ್ಳುವ ಇಂಥ ತೊಡಕುಗಳಿಗೆ ಕಾನೂನಿನಲ್ಲಿ ನಿರ್ದಿಷ್ಟ ಕಲಿಕಾ ನ್ಯೂನತೆ ಎಂಬ ಹೆಸರಿದೆ. ಇದು ನನಗೆ ತಿಳಿದದ್ದು ನಿವೃತ್ತಿಯಾದ ಮೇಲೆ. ನನ್ನ ಮಗಳ ಮಗ ಮೂರನೇ ತರಗತಿಯಲ್ಲಿ 'ಕಮಲ'ವನ್ನು 'ಕಲಮ' ಎಂದು ಓದಿ, ಬೆಳಿಗ್ಗೆಯಾದರೆ ಹೊಟ್ಟೆನೋವೆಂದು ಅಳಲು ತೊಡಗಿದ. ಅವನ ಕೈ ಹಿಡಿದು ಶಾಲೆಗೆ ಹೋದೆವು. ಮೂವತ್ತೊಂದು ವರ್ಷ ಮೇಜಿನ ಆಚೆ ಕಡೆ ಕೂತಿದ್ದವಳು ಮೊದಲ ಬಾರಿಗೆ ಈಚೆ ಕಡೆ ಕೂತೆ. ನನ್ನ ಬಾಯಿ ಒಣಗಿತು, ಹೇಳಬೇಕೆಂದುಕೊಂಡದ್ದೆಲ್ಲ ಮರೆತುಹೋಯಿತು. ನನ್ನಂಥವಳಿಗೇ ಹೀಗಾದರೆ ಅಂದು ಬಾಗಿಲಲ್ಲಿ ನಿಂತ ಆ ತಾಯಿಗೆ ಹೇಗಾಗಿರಬೇಕು?

ಪೂರ್ವಜನ್ಮದ ಮಾತು ಬೇಡ

ನಮ್ಮ ಮನೆಗಳಲ್ಲಿ ಇಂಥ ಮಗು ಹುಟ್ಟಿದರೆ ಮೊದಲು ಕೇಳಿಬರುವುದು ಪೂರ್ವಜನ್ಮದ ಪಾಪ, ತಾಯಿಯ ದೋಷ, ಯಾವುದೋ ಹರಕೆ ತಪ್ಪಿದ ಮಾತು. ಲಿಂಗವಂತರೆಂದು ಹೇಳಿಕೊಳ್ಳುವ ನಮ್ಮ ಬಾಯಲ್ಲಿ ಈ ಮಾತು ಹೇಗೆ ಬಂತು? ಹುಟ್ಟಿನಿಂದ ಮನುಷ್ಯನ ಯೋಗ್ಯತೆ ಅಳೆಯುವುದನ್ನು ಹನ್ನೆರಡನೆಯ ಶತಮಾನದಲ್ಲೇ ನಿರಾಕರಿಸಿದ ಪರಂಪರೆ ನಮ್ಮದು. ಜಾತಿಯ ವಿಚಾರದಲ್ಲಿ ಹುಟ್ಟನ್ನು ಲೆಕ್ಕಕ್ಕೆ ತೆಗೆದುಕೊಳ್ಳಬಾರದು, ಅಂಗದ ವಿಚಾರದಲ್ಲಿ, ಬುದ್ಧಿಯ ವಿಚಾರದಲ್ಲಿ ಮಾತ್ರ ತೆಗೆದುಕೊಳ್ಳಬಹುದು ಎಂದು ಯಾವ ಶರಣರೂ ವಿನಾಯಿತಿ ಕೊಟ್ಟಿಲ್ಲ. ಎಲ್ಲ ಮಕ್ಕಳ ಅಂಗೈಗೂ ಒಂದೇ ಇಷ್ಟಲಿಂಗ. ಮಾತು ಬಾರದ ಮಗುವಿಗೆ ಚಿಕ್ಕ ಲಿಂಗ, ಓದಿನಲ್ಲಿ ಮುಂದಿರುವ ಮಗುವಿಗೆ ದೊಡ್ಡ ಲಿಂಗ ಎಂಬುದಿಲ್ಲ.

ಇನ್ನೊಂದು ವಿಷಯ ನೋಡಿ. ಸಂಸ್ಕೃತ ಬಾರದ ಜನರನ್ನು ಶರಣರು ಜ್ಞಾನಕ್ಕೆ ಅನರ್ಹರೆಂದು ಹೊರಗಿಡಲಿಲ್ಲ. ಜ್ಞಾನವನ್ನೇ ಅವರ ಕನ್ನಡಕ್ಕೆ ತಂದರು, ಅದೂ ಮನೆಮಾತಿನಷ್ಟು ಸರಳವಾದ ಕನ್ನಡಕ್ಕೆ. ಕಲಿಯುವವನು ಬದಲಾಗಲಿ ಎಂದು ಕಾಯದೆ ಕಲಿಸುವ ರೀತಿಯನ್ನು ಬದಲಿಸಿದರು. ವಿಶೇಷ ಅಗತ್ಯವುಳ್ಳ ಮಕ್ಕಳ ಶಿಕ್ಷಣವೆಂದರೆ ಇದೇ. ಅಕ್ಷರ ಕಣ್ಣಿಗೆ ಹತ್ತದ ಮಗುವಿಗೆ ಕಿವಿಯಿಂದ ಕಲಿಸುವುದು, ಕಿವಿ ಕೇಳದ ಮಗುವಿಗೆ ಕಣ್ಣಿನಿಂದ ಕಲಿಸುವುದು, ಕೈ ನಡುಗುವ ಮಗುವಿಗೆ ಬಾಯಲ್ಲಿ ಉತ್ತರ ಹೇಳಲು ಬಿಡುವುದು.

ಮಠದ ಅಂಗಳದಲ್ಲಿ ಇದನ್ನು ಮಾಡಿ ತೋರಿಸಿದವರು ನಮ್ಮಲ್ಲೇ ಇದ್ದಾರೆ. 1892ರಲ್ಲಿ ಹಾನಗಲ್ಲ ಸೀಮೆಯಲ್ಲಿ ಹುಟ್ಟಿದ ಪಂಚಾಕ್ಷರಿ ಗವಾಯಿಗಳಿಗೆ ಕಣ್ಣು ಕಾಣುತ್ತಿರಲಿಲ್ಲ. ಹಾನಗಲ್ಲ ಕುಮಾರ ಸ್ವಾಮಿಗಳು ಆ ಬಾಲಕನಲ್ಲಿ ಇಲ್ಲದ ಕಣ್ಣನ್ನು ನೋಡಲಿಲ್ಲ, ಇದ್ದ ಕಂಠವನ್ನು ನೋಡಿದರು. ಸಂಗೀತ ಕಲಿಯಲು ದಾರಿ ಮಾಡಿಕೊಟ್ಟರು. ಆ ಗವಾಯಿಗಳು ತಮ್ಮಂಥದೇ ಮಕ್ಕಳನ್ನು ಕೂಡಿಸಿಕೊಂಡು ಕಲಿಸಿದರು. ಅವರ ಶಿಷ್ಯ ಪುಟ್ಟರಾಜ ಗವಾಯಿಗಳು ಗದುಗಿನ ವೀರೇಶ್ವರ ಪುಣ್ಯಾಶ್ರಮವನ್ನು ಮುನ್ನಡೆಸಿ, 2010ರಲ್ಲಿ ಪದ್ಮಭೂಷಣ ಪಡೆದು, ಅದೇ ವರ್ಷ ಲಿಂಗೈಕ್ಯರಾದರು. ಆಗ ಯಾವ ಕಾನೂನೂ ಇರಲಿಲ್ಲ. ಮಗುವನ್ನು ನೋಡುವ ಕಣ್ಣೊಂದಿತ್ತು.

ಆದರೆ ಒಂದು ಎಚ್ಚರ. ಎಲ್ಲ ಮಕ್ಕಳೂ ಗವಾಯಿಗಳಾಗಬೇಕಿಲ್ಲ. 'ಇಂಥವರಲ್ಲಿ ಏನೋ ಒಂದು ವಿಶೇಷ ಶಕ್ತಿ ಇರುತ್ತದಂತೆ' ಎಂದು ಕಾಯುತ್ತ ಕೂರುವುದೂ ಮಗುವಿಗೆ ಹೊರೆಯೇ. ತನ್ನ ಹೆಸರು ಬರೆಯಲು, ಬಸ್ಸಿನ ಬೋರ್ಡು ಓದಲು, ಅಂಗಡಿಯಲ್ಲಿ ಚಿಲ್ಲರೆ ಎಣಿಸಿಕೊಳ್ಳಲು ಕಲಿತು, ನಾಲ್ಕು ಜನ ಗೆಳೆಯರೊಂದಿಗೆ ಕೂತು ಊಟ ಮಾಡುವಂತಾದರೆ ಅದೂ ಶಿಕ್ಷಣವೇ. ಅದನ್ನು ಕೇಳಲು ಮಗುವಿಗೆ ಪ್ರತಿಭೆ ಇರಬೇಕಾಗಿಲ್ಲ. ಮಗುವಾಗಿದ್ದರೆ ಸಾಕು.

ಕೇಳುವುದು ಭಿಕ್ಷೆಯಲ್ಲ

ತಂದೆತಾಯಿ ಶಾಲೆಗೆ ಹೋದಾಗ ಕೈಕಟ್ಟಿ ನಿಲ್ಲುವುದೇಕೆ? ಉಪಕಾರ ಕೇಳುತ್ತಿದ್ದೇವೆ ಎಂಬ ಭಾವದಿಂದ. ಅದು ಉಪಕಾರವಲ್ಲ ಎಂದು ಮೊದಲು ನಮಗೆ ತಿಳಿಯಬೇಕು.

ಶಿಕ್ಷಣ ಹಕ್ಕು ಕಾಯ್ದೆ 2009ರಲ್ಲಿ ಬಂತು, 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. 6ರಿಂದ 14 ವರ್ಷದ ಪ್ರತಿ ಮಗುವಿಗೂ ಉಚಿತ ಶಿಕ್ಷಣ ಸಿಗಬೇಕೆಂದು ಅದು ಹೇಳುತ್ತದೆ. 2016ರಲ್ಲಿ ಸಂಸತ್ತು ವಿಕಲಚೇತನರ ಹಕ್ಕುಗಳ ಕಾಯ್ದೆಯನ್ನು ಮಾಡಿತು. ಅದು 2017ರ ಏಪ್ರಿಲ್‌ನಲ್ಲಿ ಜಾರಿಗೆ ಬಂತು. ಅದರಲ್ಲಿ 21 ಬಗೆಯ ನ್ಯೂನತೆಗಳ ಪಟ್ಟಿಯಿದೆ. ಕಣ್ಣು, ಕಿವಿ, ಕೈಕಾಲಿನವು ಮಾತ್ರವಲ್ಲ, ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ನ್ಯೂನತೆ, ಮಾತಿನ ತೊಂದರೆ, ನಾನು ಹೇಳಿದ ಕಲಿಕಾ ನ್ಯೂನತೆ ಎಲ್ಲವೂ ಅದರಲ್ಲಿವೆ.

ಈ ಕಾಯ್ದೆಯ 16 ಮತ್ತು 17ನೇ ಕಲಮುಗಳನ್ನು ತಂದೆತಾಯಿ ನೆನಪಿಟ್ಟುಕೊಳ್ಳಬೇಕು. ಮಗುವನ್ನು ತಾರತಮ್ಯವಿಲ್ಲದೆ ಸೇರಿಸಿಕೊಳ್ಳಬೇಕು. ಅದಕ್ಕೆ ತಕ್ಕ ಹೊಂದಾಣಿಕೆಗಳನ್ನು ಮಾಡಿಕೊಡಬೇಕು. ಕಲಿಕಾ ನ್ಯೂನತೆಯನ್ನು ಬೇಗ ಗುರುತಿಸಿ ಪಾಠದ ಕ್ರಮದಲ್ಲಿ ಪರಿಹಾರ ಹುಡುಕಬೇಕು. ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ, ಉತ್ತರ ಬರೆದುಕೊಡುವವರ ನೆರವು, ಎರಡನೆಯ ಮೂರನೆಯ ಭಾಷೆಯಿಂದ ವಿನಾಯಿತಿ ಮುಂತಾದ ಬದಲಾವಣೆಗಳಿಗೆ ಅವಕಾಶವಿರಬೇಕು. ಇದು ಸರ್ಕಾರಿ ಶಾಲೆಗೆ ಮಾತ್ರ ಹೇಳಿದ ಮಾತಲ್ಲ. ಸರ್ಕಾರದ ಅನುದಾನ ಅಥವಾ ಮಾನ್ಯತೆ ಪಡೆದ ಶಾಲೆಗಳೂ ಇದರೊಳಗೆ ಬರುತ್ತವೆ. ನಮ್ಮ ಖಾಸಗಿ ಶಾಲೆಗಳು, ಮಠದ ಶಾಲೆಗಳು ಎಲ್ಲವೂ ಮಾನ್ಯತೆ ಪಡೆದವೇ ತಾನೇ?

ನಿಮ್ಮ ಮಗುವಿಗೆ 40ರಷ್ಟು ಪ್ರಮಾಣ ಇಲ್ಲ, ಆದ್ದರಿಂದ ಏನೂ ಮಾಡಲಾಗದು ಎಂದು ಕೆಲವೆಡೆ ಹೇಳುತ್ತಾರೆ. ಅದು ಅರ್ಧ ಸತ್ಯ. 6ರಿಂದ 18 ವರ್ಷದವರೆಗಿನ ಉಚಿತ ಶಿಕ್ಷಣ, ಉನ್ನತ ಶಿಕ್ಷಣದ ಮೀಸಲಾತಿ ಇಂಥವಕ್ಕೆ ಶೇಕಡ 40ರ ಪ್ರಮಾಣಪತ್ರ ಬೇಕು, ನಿಜ. ಆದರೆ ಹೊಂದಾಣಿಕೆ ಕೇಳಲು ಆ ಮಿತಿ ಇಲ್ಲ. ಬರೆಯುವಾಗ ಕೈ ಸೆಳೆತ ಬರುವ ಅಭ್ಯರ್ಥಿಯೊಬ್ಬರ ಪ್ರಕರಣದಲ್ಲಿ 2021ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನು ಸ್ಪಷ್ಟಪಡಿಸಿದೆ. ಅದೇ ವರ್ಷದ ನವೆಂಬರ್‌ನಲ್ಲಿ, ಬರಹದ ತೊಡಕಿದ್ದ ವಿದ್ಯಾರ್ಥಿನಿಯೊಬ್ಬಳಿಗೆ ವೈದ್ಯಕೀಯ ಪ್ರವೇಶ ಪರೀಕ್ಷೆಯಲ್ಲಿ ಸಿಗಬೇಕಾದ ಒಂದು ಗಂಟೆ ಹೆಚ್ಚುವರಿ ಸಮಯ ತಪ್ಪಿದ್ದಕ್ಕೆ, ಆ ಅನ್ಯಾಯವನ್ನು ಹೇಗೆ ಸರಿಪಡಿಸುತ್ತೀರಿ ಎಂದು ಪರೀಕ್ಷೆ ನಡೆಸಿದವರನ್ನೇ ಹೊಣೆ ಮಾಡಿತು. ಒಂದು ಗಂಟೆ ಎಂದರೆ ದೇಶದ ಅತಿ ದೊಡ್ಡ ನ್ಯಾಯಾಲಯ ಗಂಭೀರವಾಗಿ ತೆಗೆದುಕೊಳ್ಳುವ ವಿಷಯ. ನಾವು ಕೇಳಲು ನಾಚಬೇಕಾಗಿಲ್ಲ.

ಹೋಗುವ ಮುನ್ನ

ನಾವು ಮೊದಲ ಸಲ ಶಾಲೆಗೆ ಹೋದಾಗ ಬರಿಗೈಯಲ್ಲಿ, ಸಿಟ್ಟು ಹೊತ್ತು ಹೋಗಿದ್ದೆವು. ನನ್ನ ಅಳಿಯ ಜೋರು ಮಾತಾಡಿದ, ಮಗಳು ಅತ್ತಳು, ನಾನು ಸುಮ್ಮನೆ ಕೂತೆ. ಆ ಟೀಚರ್ 'ನೀವೇ ಶಿಕ್ಷಕಿಯಾಗಿದ್ದವರು, ಮನೆಯಲ್ಲಿ ಸ್ವಲ್ಪ ಓದಿಸಿ' ಎಂದರು. ನನ್ನದೇ ಮಾತು ನನಗೆ ಹಿಂತಿರುಗಿ ಬಂತು. ಏನೂ ಆಗದೆ ಎದ್ದು ಬಂದೆವು. ಎರಡನೆಯ ಸಲ ಹೋದದ್ದು ಬೇರೆ ರೀತಿ. ಅದನ್ನೇ ಹೇಳುತ್ತೇನೆ.

ಒಂದು ನೋಟುಬುಕ್ಕು ಇಡಿ. ಒಂದು ತಿಂಗಳು ಮಗುವನ್ನು ಗಮನಿಸಿ ತಾರೀಖು ಹಾಕಿ ಬರೆಯಿರಿ. ಓದು ಬರದ ತಾಯಿಯಾದರೆ ಹೇಳಿ ಬರೆಸಲಿ. ಮಗು ಏನನ್ನು ಮಾಡಬಲ್ಲದು ಎಂಬುದು ಮೊದಲ ಪುಟದಲ್ಲಿರಲಿ. ಎಲ್ಲಿ ನಿಂತುಹೋಗುತ್ತದೆ ಎಂಬುದು ಆಮೇಲೆ. 'ಓದುವುದಿಲ್ಲ' ಎಂದರೆ ಯಾರಿಗೂ ಏನೂ ತಿಳಿಯುವುದಿಲ್ಲ. 'ಕಾಗುಣಿತ ಓದುತ್ತಾನೆ, ಒತ್ತಕ್ಷರ ಬಂದರೆ ಬಿಡುತ್ತಾನೆ, ಬೋರ್ಡು ನೋಡಿ ಬರೆಯಲು ಅರ್ಧ ಗಂಟೆ ಬೇಕು, ಬಾಯಲ್ಲಿ ಕೇಳಿದರೆ ಎಲ್ಲ ಹೇಳುತ್ತಾನೆ' ಎಂದರೆ ಟೀಚರಿಗೆ ದಾರಿ ಕಾಣುತ್ತದೆ.

ಕಣ್ಣು, ಕಿವಿಗಳನ್ನು ಮೊದಲು ಪರೀಕ್ಷೆ ಮಾಡಿಸಿ. ಎಷ್ಟೋ ಮಕ್ಕಳ 'ದಡ್ಡತನ' ಒಂದು ಕನ್ನಡಕದಿಂದ ಹೋಗಿದೆ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡ ಶಾಲೆಗಳಿಗೆ ಬರುತ್ತದೆ. ಆ ದಿನ ಮಗುವನ್ನು ತಪ್ಪಿಸಬೇಡಿ. ತಾಲ್ಲೂಕಿನ ಕ್ಷೇತ್ರ ಸಂಪನ್ಮೂಲ ಕೇಂದ್ರ, ಅಂದರೆ ಬಿಆರ್‌ಸಿಯಲ್ಲಿ, ವಿಶೇಷ ಅಗತ್ಯವುಳ್ಳ ಮಕ್ಕಳಿಗೆಂದೇ ಸಂಪನ್ಮೂಲ ಶಿಕ್ಷಕರ ವ್ಯವಸ್ಥೆ ಇದೆ. ಶಿಕ್ಷಣ ಇಲಾಖೆ ವೈದ್ಯಕೀಯ ತಪಾಸಣಾ ಶಿಬಿರಗಳನ್ನೂ ನಡೆಸುತ್ತದೆ. ಮುಂದಿನ ಪರೀಕ್ಷೆ ಬೇಕಾದರೆ ಹಾಸನದ ಜಿಲ್ಲಾ ಆಸ್ಪತ್ರೆ ಇದೆ. ಮಾತು, ಕಿವಿ, ಕಲಿಕೆಯ ತೊಡಕುಗಳಿಗೆ ಮೈಸೂರಿನ ಮಾನಸಗಂಗೋತ್ರಿಯಲ್ಲಿ 1965ರಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಬೆಂಗಳೂರಿನ ನಿಮ್ಹಾನ್ಸ್ ಇದೆ. ಮೊಮ್ಮಗನನ್ನು ನಾವು ಮೈಸೂರಿಗೆ ಕರೆದೊಯ್ದೆವು. ದಿನವಿಡೀ ಹಿಡಿಯಿತು. ಬರುವಾಗ ಕೈಯಲ್ಲಿ ಒಂದು ವರದಿ ಇತ್ತು, ಮನಸ್ಸಿನಲ್ಲಿ 'ಇದು ಅವನ ತಪ್ಪಲ್ಲ' ಎಂಬ ಸಮಾಧಾನವಿತ್ತು.

ನಿಮ್ಮ ಗ್ರಾಮ ಪಂಚಾಯಿತಿಯಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ, ತಾಲ್ಲೂಕಿನಲ್ಲಿ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು. ವಿಕಲಚೇತನರ ಗುರುತಿನ ಯುಡಿಐಡಿ ಕಾರ್ಡಿಗೆ ಅರ್ಜಿ ಹಾಕಲು ಅವರ ನೆರವು ಕೇಳಿ. ಕಾರ್ಡು ಬರುವ ತನಕ ಶಾಲೆ ಕಾಯಬೇಕೆಂದಿಲ್ಲ. ಮಗುವನ್ನು ಮುಂದಿನ ಬೆಂಚಿಗೆ ಕರೆಯಲು ಯಾವ ಕಾರ್ಡೂ ಬೇಡ.

ಹೋದಾಗ

ಒಬ್ಬರೇ ಹೋಗಬೇಡಿ. ತಂದೆತಾಯಿ ಇಬ್ಬರೂ ಹೋಗಿ, ಇಲ್ಲವೇ ಓದಬಲ್ಲ ಒಬ್ಬ ನೆಂಟರನ್ನು ಕರೆದೊಯ್ಯಿರಿ. ಒಬ್ಬರು ಮಾತಾಡಲಿ, ಇನ್ನೊಬ್ಬರು ಬರೆದುಕೊಳ್ಳಲಿ. ಕುರ್ಚಿ ಇದ್ದರೆ ಕೂತೇ ಮಾತಾಡಿ. ಅನುಭವ ಮಂಟಪದಲ್ಲಿ ಎಲ್ಲರೂ ಕೂತೇ ಚರ್ಚಿಸಿದರೆಂದು ನಾವು ಹೆಮ್ಮೆಯಿಂದ ಹೇಳುತ್ತೇವಲ್ಲ, ಆ ಪಾಠ ಶಾಲೆಯ ಕೋಣೆಯಲ್ಲೂ ಉಪಯೋಗಕ್ಕೆ ಬರಲಿ.

ಟೀಚರನ್ನು ಎದುರಾಳಿ ಎಂದುಕೊಳ್ಳಬೇಡಿ. ನಾನು ಆ ಕಡೆ ಇದ್ದವಳು, ಹೇಳುತ್ತೇನೆ. ಒಂದೇ ಕೋಣೆಯಲ್ಲಿ ಮೂರು ತರಗತಿ, ಬಿಸಿಯೂಟದ ಲೆಕ್ಕ, ಮೇಲಿನಿಂದ ಬರುವ ವರದಿಗಳು. ಬೈಯಲು ಬಂದವರ ಮುಂದೆ ಟೀಚರು ಬಾಗಿಲು ಹಾಕಿಕೊಳ್ಳುತ್ತಾರೆ. 'ನೀವು ದಿನಾ ಇವನನ್ನು ನೋಡುತ್ತೀರಿ, ನಿಮಗೇನು ಕಾಣಿಸಿದೆ?' ಎಂದು ಕೇಳಿದರೆ ಮಾತು ಶುರುವಾಗುತ್ತದೆ.

ಬೇಕಾದಷ್ಟನ್ನೇ ಕೇಳಿ. ಆಯ್ದಕ್ಕಿ ಲಕ್ಕಮ್ಮ ತಾಯಿಯ ಕಥೆ ನಮಗೆಲ್ಲ ಗೊತ್ತು. ಗಂಡ ಅಂದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ ಹಿಂದಕ್ಕೆ ಕಳಿಸಿದವಳು ಅವಳು. ಹೆಚ್ಚು ಬೇಡ ಎನ್ನುವ ಧೈರ್ಯ ಇರುವವರಿಗೆ ಬೇಕಾದದ್ದನ್ನು ಕೇಳುವ ಧೈರ್ಯವೂ ಇರುತ್ತದೆ. ನಾವು ಎರಡನೆಯ ಸಲ ಹೋದಾಗ ನಾಲ್ಕು ವಿಷಯ ಕೇಳಿದೆವು. ಮುಂದಿನ ಸಾಲಿನಲ್ಲಿ ಕೂರಿಸಿ. ಮೊದಲೇ ತಿಳಿಸದೆ ಎಲ್ಲರೆದುರು ಗಟ್ಟಿಯಾಗಿ ಓದಿಸಬೇಡಿ. ಬೋರ್ಡಿನದನ್ನು ಪೂರ್ತಿ ಬರೆದುಕೊಳ್ಳಲಾಗದಿದ್ದರೆ ಗೆಳೆಯನ ಪುಸ್ತಕ ನೋಡಲು ಬಿಡಿ. ಕಿರುಪರೀಕ್ಷೆಯಲ್ಲಿ ಕೆಲವು ಉತ್ತರಗಳನ್ನು ಬಾಯಲ್ಲಿ ಕೇಳಿ. ಇವಕ್ಕೆ ಒಂದು ರೂಪಾಯಿಯೂ ಖರ್ಚಿಲ್ಲ. ನೋಟುಬುಕ್ಕನ್ನು, ಮೈಸೂರಿನ ವರದಿಯನ್ನು ಟೀಚರ ಮುಂದಿಟ್ಟೆವು. ಅವರು ಎರಡು ಪುಟ ಓದಿ, 'ಇವನಿಗೆ ಇಷ್ಟೆಲ್ಲ ಗೊತ್ತಿದೆಯೇ?' ಎಂದರು. ಅಲ್ಲಿಂದ ಗಾಳಿ ತಿರುಗಿತು.

ಬರವಣಿಗೆಯಲ್ಲಿ ಕೇಳಿ. ಬಾಯಿಮಾತು ಟೀಚರ್ ವರ್ಗವಾದ ದಿನ ಹೋಗಿಬಿಡುತ್ತದೆ. ದೊಡ್ಡ ಅರ್ಜಿ ಬೇಡ. 'ಮಾನ್ಯ ಮುಖ್ಯ ಶಿಕ್ಷಕರೇ, ಇಂಥ ತರಗತಿಯ ನಮ್ಮ ಮಗುವಿಗೆ ಓದುವುದರಲ್ಲಿ ತೊಡಕಿದೆ. ಪರೀಕ್ಷಾ ವರದಿ ಲಗತ್ತಿಸಿದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಂತೆ ಈ ಕೆಳಗಿನ ಹೊಂದಾಣಿಕೆಗಳನ್ನು ಮಾಡಿಕೊಡಬೇಕೆಂದು ಕೋರುತ್ತೇವೆ. ಸಂಪನ್ಮೂಲ ಶಿಕ್ಷಕರನ್ನು ಕರೆಸಿ, ಮಗುವಿನ ಕಲಿಕಾ ಯೋಜನೆಯನ್ನು ನಮ್ಮೊಂದಿಗೆ ಕೂತು ಮಾಡಬೇಕೆಂದು ವಿನಂತಿ.' ಇಷ್ಟು ಸಾಕು. ತಾರೀಖು ಹಾಕಿ, ಎರಡು ಪ್ರತಿ ಮಾಡಿ, ಒಂದರ ಮೇಲೆ ಶಾಲೆಯ ಸೀಲು, ಸಹಿ ಪಡೆದು ಮನೆಯಲ್ಲಿಡಿ. ಆರು ವಾರದ ಮೇಲೆ ಮತ್ತೆ ಬರುತ್ತೇವೆಂದು ದಿನ ಗೊತ್ತುಮಾಡಿಕೊಂಡೇ ಎದ್ದು ಬನ್ನಿ.

ಎಸ್‌ಎಸ್‌ಎಲ್‌ಸಿ ಪರೀಕ್ಷೆಯ ಸೌಲಭ್ಯಗಳಿಗೆ ಶಾಲೆಯ ಮೂಲಕ ಮುಂಚಿತವಾಗಿ ಅರ್ಜಿ ಹೋಗಬೇಕು. ಪರೀಕ್ಷೆ ಹತ್ತಿರ ಬಂದ ಮೇಲೆ ಓಡಾಡಿದರೆ ಕಷ್ಟ. ಎಂಟನೇ ತರಗತಿಯಲ್ಲೇ ಕಾಗದಪತ್ರ ಸಿದ್ಧವಾಗಿರಲಿ.

ಇಷ್ಟಾದರೂ ಆಗದಿದ್ದರೆ ಮೆಟ್ಟಿಲುಗಳಿವೆ. ಸರ್ಕಾರಿ ಶಾಲೆಯಾದರೆ ಎಸ್‌ಡಿಎಂಸಿ. ಅದರಲ್ಲಿರುವವರು ಬಹುಪಾಲು ತಂದೆತಾಯಿಗಳೇ. ಕಟ್ಟಡ, ಬಣ್ಣ, ಧ್ವಜಾರೋಹಣದಷ್ಟೇ ಇದೂ ಅವರ ಕೆಲಸ. ಅಲ್ಲಿಂದ ಕ್ಷೇತ್ರ ಶಿಕ್ಷಣಾಧಿಕಾರಿ, ಹಾಸನದಲ್ಲಿ ಉಪನಿರ್ದೇಶಕರು. ಅದರಾಚೆ ಬೆಂಗಳೂರಿನಲ್ಲಿ ವಿಕಲಚೇತನರ ರಾಜ್ಯ ಆಯುಕ್ತರು ಮತ್ತು ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ. ಒಂದೊಂದೇ ಮೆಟ್ಟಿಲು ಹತ್ತಿ. ಹಿಂದಿನ ಮೆಟ್ಟಿಲಿನ ಕಾಗದ ಕೈಯಲ್ಲಿರಲಿ.

ನಮ್ಮ ಬೆಟ್ಟದ ಕಷ್ಟಗಳು

ಇವೆಲ್ಲ ಪಟ್ಟಣದಲ್ಲಿ ಕೂತು ಹೇಳಲು ಸುಲಭ. ಹೆತ್ತೂರು, ಯಸಳೂರು, ಹಾನುಬಾಳಿನ ಕಡೆಯ ತಾಯಂದಿರು ನನ್ನನ್ನು ಕೇಳುತ್ತಾರೆ: 'ಆಷಾಢದ ಮಳೆಯಲ್ಲಿ ಕಾಲು ಸ್ವಾಧೀನವಿಲ್ಲದ ಮಗುವನ್ನು ಎತ್ತಿಕೊಂಡು ತೋಟದ ಕಾಲುದಾರಿಯಲ್ಲಿ ಹೇಗೆ ಹೋಗಲಿ? ಆನೆ ಬಂದಿದೆ ಎಂದು ಸುದ್ದಿಯಾದರೆ ಗಟ್ಟಿ ಕಾಲಿನ ಮಕ್ಕಳನ್ನೇ ಕಳಿಸುವುದಿಲ್ಲ.' ನಿಜ. ಅದಕ್ಕೇ ಸಮಗ್ರ ಶಿಕ್ಷಣ ಯೋಜನೆಯಲ್ಲಿ ಇಂಥ ಮಕ್ಕಳಿಗೆ ಸಾರಿಗೆ ಭತ್ಯೆ, ಕರೆದುಕೊಂಡು ಹೋಗುವವರಿಗೆ ಬೆಂಗಾವಲು ಭತ್ಯೆ ಇವೆ. ಬಿಆರ್‌ಸಿಯಲ್ಲಿ ಹೆಸರು ಹಿಡಿದು ಕೇಳಿ. ಶಾಲೆಗೆ ಬರಲು ಸಾಧ್ಯವೇ ಇಲ್ಲದ, ತೀವ್ರ ನ್ಯೂನತೆಯ ಮಕ್ಕಳಿಗೆ ಮನೆಯಲ್ಲೇ ಕಲಿಸುವ ಗೃಹಾಧಾರಿತ ಶಿಕ್ಷಣವನ್ನು 2012ರ ತಿದ್ದುಪಡಿ ಹಕ್ಕಾಗಿ ಮಾಡಿದೆ. ಆದರೆ ಅದನ್ನು ಆರಿಸಿಕೊಳ್ಳಬೇಕಾದವರು ನಾವು. ಮಗು ಶಾಲೆಗೆ ಬಂದರೆ ತೊಂದರೆ ಎಂದು ಬೇರೆಯವರು ಮನೆಯಲ್ಲಿ ಕೂರಿಸಲು ಅದು ನೆಪವಾಗಬಾರದು.

ಇನ್ನೊಂದು ಮಾತು ತೋಟದ ಯಜಮಾನರಿಗೆ. ಈ ಸಭೆಯಲ್ಲಿ ತೋಟ ಇರುವವರು ಬಹಳ ಮಂದಿ ಇದ್ದೀರಿ. ನಿಮ್ಮ ಲೈನ್ ಮನೆಗಳಲ್ಲಿ ತಮಿಳು, ತುಳು ಮಾತಾಡುವವರು, ಈಚೆಗೆ ಅಸ್ಸಾಮಿನಿಂದ ಬಂದವರು ಇದ್ದಾರೆ. ಆ ಮಕ್ಕಳು ಕನ್ನಡ ಶಾಲೆಯಲ್ಲಿ ಸುಮ್ಮನೆ ಕೂತರೆ ಅದು ಭಾಷೆ ತಿಳಿಯದ ಮೌನವೋ, ನಿಜವಾದ ನ್ಯೂನತೆಯೋ ಎಂದು ನೋಡುವವರಿಲ್ಲ. ಭಾಷೆ ಬಾರದ ಮಗುವಿಗೆ ಬುದ್ಧಿಯಿಲ್ಲವೆಂದು ಮುದ್ರೆ ಒತ್ತುವುದೂ ಉಂಟು, ನಿಜವಾದ ತೊಡಕನ್ನು 'ಭಾಷೆ ಬರಲಿ, ಸರಿಹೋಗುತ್ತದೆ' ಎಂದು ವರ್ಷಗಟ್ಟಲೆ ಬಿಡುವುದೂ ಉಂಟು. ಆ ಮಗುವಿನ ಮನೆಮಾತಿನಲ್ಲಿ ಮಾತಾಡಿಸಿ ನೋಡಿದರೆ ಅರ್ಧ ಗೊತ್ತಾಗುತ್ತದೆ. ಕಾಫಿ ಕೊಯ್ಲಿನ ದಿನಗಳಲ್ಲಿ ಆ ತಾಯಿ ಶಾಲೆಗೆ ಹೋದರೆ ಕೂಲಿ ಹೋಗುತ್ತದೆ. ಅರ್ಧ ದಿನದ ಕೂಲಿ ಕೊಟ್ಟು ಕಳಿಸಿ. ಸಾಧ್ಯವಾದರೆ ನೀವೂ ಜೊತೆಗೆ ಹೋಗಿ ಪಕ್ಕದಲ್ಲಿ ಕೂತುಕೊಳ್ಳಿ. ಅವಳ ಬದಲಿಗೆ ಮಾತಾಡಬೇಡಿ, ಅವಳು ಮಾತಾಡುವಂತೆ ಮಾಡಿ. ದಾಸೋಹ ಎಂದರೆ ಪಂಕ್ತಿಯಲ್ಲಿ ಬಡಿಸುವುದು ಮಾತ್ರವಲ್ಲ. ನಿಮ್ಮ ಅರ್ಧ ದಿನ ಕೊಡುವುದೂ ದಾಸೋಹವೇ. ನನ್ನ ಬಾಗಿಲಲ್ಲಿ ನಿಂತ ಆ ತಾಯಿಯ ಪಕ್ಕದಲ್ಲಿ ಅಂದು ಯಾರಾದರೂ ಇದ್ದಿದ್ದರೆ ನಾನು ಅಷ್ಟು ಸುಲಭವಾಗಿ ಅವಳನ್ನು ಕಳಿಸಲು ಆಗುತ್ತಿರಲಿಲ್ಲ.

ಪೂಜ್ಯರಲ್ಲಿ ಒಂದು ಬಿನ್ನಹ

ಕೊನೆಯದಾಗಿ, ಪೂಜ್ಯರ ಸನ್ನಿಧಿಯಲ್ಲಿ ಒಂದು ಬಿನ್ನಹ. ಲಿಂಗಾಯತ ಮಠಗಳು ನಾಡಿಗೆ ಅನ್ನ, ಅಕ್ಷರ ಕೊಟ್ಟಿವೆ. ಸುತ್ತೂರು ಮಠದ ಜೆಎಸ್‌ಎಸ್ ಮಹಾವಿದ್ಯಾಪೀಠ ಮೈಸೂರಿನಲ್ಲಿ ವಿಶೇಷಚೇತನರಿಗೆಂದೇ ಪಾಲಿಟೆಕ್ನಿಕ್ ನಡೆಸುತ್ತಿದೆ. ನಮ್ಮ ಊರಿನ ಮಕ್ಕಳು ಎಸ್‌ಎಸ್‌ಎಲ್‌ಸಿ ಮುಗಿಸಿ ಅಲ್ಲಿಗೆ ಹೋಗಬಹುದು. ಆದರೆ ಅಲ್ಲಿಗೆ ಹೋಗಲು ಮೊದಲು ಎಸ್‌ಎಸ್‌ಎಲ್‌ಸಿ ತನಕ ಬರಬೇಕಲ್ಲ!

ನೂರಕ್ಕೆ ನೂರು ಫಲಿತಾಂಶ ಬರಬೇಕೆಂಬ ಆಸೆಗೆ ಎಂಟನೆಯ, ಒಂಬತ್ತನೆಯ ತರಗತಿಯಲ್ಲಿ ಕೆಲವು ಮಕ್ಕಳಿಗೆ ವರ್ಗಾವಣೆ ಪತ್ರ ಕೊಟ್ಟು ಕಳಿಸುವ ಪದ್ಧತಿ ನಾಡಿನ ಅನೇಕ ಶಾಲೆಗಳಲ್ಲಿದೆ. ನಮ್ಮ ಆಡಳಿತದ ಶಾಲೆಗಳಲ್ಲಿ ಅದು ಇರಬಾರದು. ಕಳಿಸಿದ ಮಕ್ಕಳನ್ನು ಬಿಟ್ಟು ಲೆಕ್ಕ ಹಾಕಿದ ನೂರು ನೂರಲ್ಲ. ಪ್ರತಿ ಶಾಲೆಯಲ್ಲಿ ಒಬ್ಬ ಶಿಕ್ಷಕರಿಗಾದರೂ ಈ ಮಕ್ಕಳಿಗೆ ಕಲಿಸುವ ತರಬೇತಿ ಕೊಡಿಸಬೇಕು. ಪ್ರವೇಶದ ಅರ್ಜಿಯಲ್ಲಿ 'ನಿಮ್ಮ ಮಗುವಿಗೆ ಏನಾದರೂ ವಿಶೇಷ ನೆರವು ಬೇಕೇ?' ಎಂಬ ಒಂದು ಸಾಲು ಇರಬೇಕು. ಆ ಸಾಲು ಮಗುವನ್ನು ಹೊರಗಿಡಲು ಅಲ್ಲ, ಒಳಗೆ ಕರೆಯಲು. ತಿಂಗಳಿಗೊಮ್ಮೆ ಮಠದ ಅಂಗಳದಲ್ಲಿ ಇಂಥ ಮಕ್ಕಳ ತಂದೆತಾಯಿ ಕೂಡಿ ಕೂರಲು ಒಂದು ಜಮಖಾನೆ ಹಾಸಿಕೊಟ್ಟರೆ ಸಾಕು. ಅರ್ಜಿ ಬರೆಯಲು ಬಂದವರು ಬಾರದವರಿಗೆ ಬರೆದುಕೊಡುತ್ತಾರೆ, ಮೈಸೂರಿಗೆ ಹೋಗಿ ಬಂದವರು ಹೋಗಬೇಕಾದವರಿಗೆ ದಾರಿ ಹೇಳುತ್ತಾರೆ. ಬರೆಯುವ ಕೆಲಸಕ್ಕೆ ನಾನು ಬರುತ್ತೇನೆ. ನಿವೃತ್ತಳಾದ ನನಗೆ ಉಳಿದಿರುವ ಕಾಯಕ ಅದು.

ನನ್ನ ಮೊಮ್ಮಗ ಈಗ ಆರನೇ ತರಗತಿ. ನಿಧಾನವಾಗಿ, ಬೆರಳಿಟ್ಟು ಓದುತ್ತಾನೆ. ಮೊದಲ ಸಾಲಿನ ಅಂಕ ಬರುವುದಿಲ್ಲ. ಬೆಳಿಗ್ಗೆ ಹೊಟ್ಟೆನೋವೂ ಬರುವುದಿಲ್ಲ. ಪಂಪ್‌ಸೆಟ್ಟಿನ ಆ ಹುಡುಗನಿಗೂ ಈಗ ಮಗಳಿದ್ದಾಳೆ, ಎರಡನೇ ತರಗತಿ. ಕಳೆದ ವಾರ ಅವನು ಮನೆಗೆ ಬಂದು, 'ಟೀಚರ್, ಅವಳೂ ನನ್ನ ಹಾಗೇ ಬರೆಯುತ್ತಾಳೆ' ಎಂದ. ಈ ಸಲ ನಾನು ಅವನನ್ನು ಒಳಗೆ ಕರೆದು ಕೂರಿಸಿದೆ. ಬರುವ ಸೋಮವಾರ ಅವನ ಜೊತೆ ಶಾಲೆಗೆ ಹೋಗುತ್ತಿದ್ದೇನೆ. ನೋಟುಬುಕ್ಕು ಸಿದ್ಧವಾಗಿದೆ.